ಕುಂಕುಮ ಕದಲಿದ ಗಾಲಿ

"ಇನ್ನೊಮ್ಮೆ ತಿರುವಪಾ ಕಾಮಣ್ಣ," ಎಂದರು ಧರ್ಮರಾಜರು.

ಕೆಂಪು ಕಾರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಪೇದೆ ಕಾಮಣ್ಣ, ನಡುವಿನ ಉದ್ದನೆಯ ಶಾಫ್ಟನ್ನು ಎರಡೂ ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಹೊರಳಿಸಿದ. ಜಮಖಂಡಿ ಠಾಣೆಯ ಹಿತ್ತಲಲ್ಲಿ ಕಾರು ಹಿಂದಿನ ಎಡಗಾಲಿಯನ್ನು ನೆಲದಿಂದ ಎತ್ತಿಕೊಂಡು ಜ್ಯಾಕಿನ ಮೇಲೆ ನಿಂತಿತ್ತು. ಆ ಗಾಲಿಯನ್ನು ಧರ್ಮರಾಜರು ಎದೆಗೆ ಅವಚಿಕೊಂಡಂತೆ ಹಿಡಿದು ಕಣ್ಣು ಮುಚ್ಚಿದ್ದರು.

ಕಟ್.

ಸದ್ದು ಕಿವಿಗೆ ಬೀಳುವ ಮೊದಲೇ ಅಂಗೈಗೆ ಬಿತ್ತು.

"ನಾಡಿ ಹಿಡದ ನೋಡಾಕತ್ತೀರೇನ್ರಿ ಸಾಹೇಬ್ರ?" ಎಂದು ಸಬ್ ಇನ್‌ಸ್ಪೆಕ್ಟರ್ ಸಿದರಾಯ ನಕ್ಕ. "ರೋಗಿ ಉಳೀತಾನೋ ಇಲ್ಲೋ?"

ಧರ್ಮರಾಜರು ನಗಲಿಲ್ಲ. ಮೋಟಾರು ವಾಹನ ನಿರೀಕ್ಷಕರಾಗಿ ನಿವೃತ್ತರಾದ ಅವರು, ಹೆಂಡತಿ ತಾರವ್ವ ತೀರಿಕೊಂಡ ಮೇಲೆ ಮನೆಯಿಂದ ಹೊರಬಿದ್ದದ್ದೇ ಇಂದು. ಬಂದದ್ದು ತಮ್ಮನ್ನು ಕಾಕಾ ಎಂದು ಕರೆಯುವ ಶುಭದಾಳ ಮಾತಿಗೆ ಕಟ್ಟುಬಿದ್ದು. ಆಕೆಯ ಗಂಡ ನಂದಕಿಶೋರ ಗಲಗಲಿ ನಿನ್ನೆ ವಿಜಯದಶಮಿಯ ಬೆಳಿಗ್ಗೆ ಬನ್ನಿ ಹಂಚಲೆಂದು ಈ ಕಾರಿನಲ್ಲಿ ಹೊರಟವನು, ಚಿಕ್ಕಪಡಸಲಗಿಯ ಇಳಿಜಾರಿನಲ್ಲಿ ಕಬ್ಬಿನ ಹೊಲಕ್ಕೆ ಉರುಳಿ, ಈಗ ಮಿರಜಿನ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಗಾಲಿ ಜೋಡಿಸಿದ ಮೇಸ್ತ್ರಿ ಲಗಮಣ್ಣ ಠಾಣೆಯ ಕಂಬಿಗಳ ಹಿಂದೆ ಕುಳಿತಿದ್ದ. ಸಂಜೆಯೊಳಗೆ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು. ಮಿರಜಿಗೆ ಹೊರಡುವಾಗ ಶುಭದಾ ಹೇಳಿದ್ದು ಇಷ್ಟೇ: ಲಗಮಣ್ಣ ಅಂಥವನಲ್ಲ, ಹೇಗಾದರೂ ಮಾಡಿ ಅವನನ್ನು ಬಿಡಿಸಿರಿ.

ಅದು ಅಂಗಡಿಯಲ್ಲಿ ಸಿಗುವ ಕಾರಲ್ಲ. ಕೊಳವೆಯ ಚೌಕಟ್ಟು, ಫೈಬರಿನ ಮೈ, ದೀಪ, ಕುರ್ಚಿ ಎಲ್ಲವೂ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದಿದ್ದವು. ಎಂಜಿನ್ನು ಮತ್ತು ಗಾಲಿಗಳನ್ನು ಮಾತ್ರ ಒಂದು ಹಳೆಯ ಕಾರಿನಿಂದ ಕಿತ್ತು, ನಂದಕಿಶೋರ ಮತ್ತು ಲಗಮಣ್ಣ ಇಬ್ಬರೇ ವಾಡೆಯ ಅಂಗಳದಲ್ಲಿ ಕೂತು ಜೋಡಿಸಿದ್ದರು. ಊರ ಹುಡುಗಿಯರೆಲ್ಲ ನೋಡಲು ಬರುತ್ತಿದ್ದ ಮದುಮಗನಂತೆ ಆ ಕಾರು ಮೆರೆದಿತ್ತು.

ಧರ್ಮರಾಜರು ಗಾಲಿಯ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿದರು. ಅಲುಗಲಿಲ್ಲ, ಬೇರಿಂಗು ಗಟ್ಟಿಯಾಗಿತ್ತು. ಶಾಫ್ಟು ತಿರುವಿದಾಗ ಮಾತ್ರ ಆ 'ಕಟ್'. ನಡುವಿನ ಗೇರು ಸವೆದಿದ್ದರೆ ಸದ್ದು ಕಾರಿನ ಹೊಟ್ಟೆಯಿಂದ ಮಂದವಾಗಿ ಬರಬೇಕಿತ್ತು. ಇದು ಚೂಪಾಗಿ, ಗಾಲಿಯ ನಡುವಿನಿಂದಲೇ ಬರುತ್ತಿತ್ತು. ಅಂದರೆ ಶಾಫ್ಟು ಮೊದಲು ತಿರುಗಿ, ಗಾಲಿ ಒಂದು ಕ್ಷಣ ತಡೆದು ಅದರ ಹಿಂದೆ ಹೋಗುತ್ತಿತ್ತು. ಇವೆರಡನ್ನೂ ಒತ್ತಿ ಹಿಡಿಯಬೇಕಾದ ನಡುವಿನ ದೊಡ್ಡ ನಟ್ಟು ಸಡಿಲಾಗಿತ್ತು.

ಅವರು ನಟ್ಟಿಗೆ ಎರಡು ಬೆರಳು ಹಚ್ಚಿದರು. ಬೆರಳಿಗೇ ಅಲುಗಿತು. ಆದರೆ ನಟ್ಟಿನ ತಲೆಯ ಕಚ್ಚಿನಲ್ಲಿ, ಅದು ತಿರುಗದಂತೆ ತಡೆಯುವ ಪಿನ್ನು ನೆಟ್ಟಗೆ ಕೂತಿತ್ತು.

ಸಿದರಾಯನಿಗೆ ಬೇಕಾದದ್ದೂ ಅದೇ. ಪಿನ್ನು ಇದ್ದಲ್ಲಿಯೇ ಇದೆ ಎಂದರೆ ಹೊರಗಿನವರು ಯಾರೂ ಕೈ ಹಚ್ಚಿಲ್ಲ ಎಂದಾಯಿತು. ಲಗಮಣ್ಣ ನಟ್ಟು ಬಿಗಿಯದೆ ಪಿನ್ನು ಚುಚ್ಚಿ ಕೈ ತೊಳೆದುಕೊಂಡಿದ್ದಾನೆ. ಕಣ್ಣಿಗೆ ಕಾಣುವ ಸತ್ಯವನ್ನು ಬಿಟ್ಟು ಕಾಣದ್ದನ್ನು ಹುಡುಕುವುದು ಮುಪ್ಪಿನ ಲಕ್ಷಣ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಧರ್ಮರಾಜರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಟ್ಟಿನ ಹತ್ತಿರ ಮುಖ ಒಯ್ದರು. ಧೂಳು, ಗ್ರೀಸು, ಕಬ್ಬಿನ ಹೊಲದ ಕೆಸರು. ಅವುಗಳ ಅಡಿಯಲ್ಲಿ ಏನೋ ಕೆಂಪು.

ಅವರು ಕರವಸ್ತ್ರದ ತುದಿಯಿಂದ ಕೆಸರನ್ನಷ್ಟೇ ಮೆಲ್ಲಗೆ ಒರೆಸಿದರು. ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮದ ಒಂದು ಗೆರೆ. ಅದು ಒಣಗಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು.

ತಾರವ್ವನೂ ಖಂಡೇಪೂಜೆಯ ದಿನ, ಆಯುಧಗಳಿಗೆ ಕುಂಕುಮ ಹಚ್ಚುವಾಗ, ಸ್ಕೂಟರಿನ ಒಂದು ನಟ್ಟನ್ನೂ ಬಿಡುತ್ತಿರಲಿಲ್ಲ. ಇಷ್ಟೇಕೆ ಬಳಿಯುತ್ತೀ ಎಂದು ಇವರು ರೇಗಿದರೆ, ದೇವಿ ಯಾವ ನಟ್ಟಿನಲ್ಲಿ ಕೂತಿರುತ್ತಾಳೋ ಯಾರಿಗೆ ಗೊತ್ತು ಎನ್ನುತ್ತಿದ್ದಳು.

"ಸಿದರಾಯ, ಇಲ್ಲೆ ಬಾ. ಕುಂಡ್ರು," ಎಂದರು. "ಈ ಗೆರಿ ನೋಡು."

ನವಮಿಯ ದಿನ ಶುಭದಾ ಒಂದೇ ಬೆರಳಿನಲ್ಲಿ ಎಳೆದ ಗೆರೆ ಅದು. ನಟ್ಟಿನ ಮೇಲಿಂದ ಹಾದು, ಗಾಲಿಯ ಮೇಲೂ ಇಳಿದು ನೆಟ್ಟಗಿರಬೇಕಿತ್ತು. ಈಗ ಗಾಲಿಯ ಮೇಲಿನ ತುಂಡು ಒಂದು ಕಡೆ, ನಟ್ಟಿನ ಮೇಲಿನ ತುಂಡು ಇನ್ನೊಂದು ಕಡೆ. ನಟ್ಟಿನ ಆರು ಕಚ್ಚುಗಳಲ್ಲಿ ಎರಡು ಕಚ್ಚಿನಷ್ಟು ಅಪ್ರದಕ್ಷಿಣವಾಗಿ ಹೋಗಿತ್ತು.

ಲೋಕದ ನಟ್ಟುಗಳೆಲ್ಲ ಗುಡಿ ಸುತ್ತಿದಂತೆ ಪ್ರದಕ್ಷಿಣವಾಗಿ ತಿರುವಿದರೆ ಬಿಗಿಯಾಗುತ್ತವೆ, ಅಪ್ರದಕ್ಷಿಣವಾಗಿ ತಿರುವಿದರೆ ಸಡಿಲಾಗುತ್ತವೆ. ಪಿನ್ನು ಇರುವಾಗ ನಟ್ಟು ತಾನಾಗಿ ತಿರುಗಲಾರದು. ಪೂಜೆಯ ನಂತರ ಯಾರೋ ಪಿನ್ನು ಕಿತ್ತು, ನಟ್ಟು ತಿರುವಿ, ಮತ್ತೆ ಪಿನ್ನು ಹಾಕಿದ್ದರು.

ಸಿದರಾಯ ಗೆರೆಯನ್ನೇ ನೋಡುತ್ತ ಮೀಸೆ ತಿರುವಿದ. ಆ ಯಾರೋ ಲಗಮಣ್ಣನೇ ಯಾಕಾಗಿರಬಾರದು ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ.

"ಬಲಗಾಲಿ ಎತ್ತಸು," ಎಂದರು ಧರ್ಮರಾಜರು.

ಕಾಮಣ್ಣ ಗೊಣಗುತ್ತ ಜ್ಯಾಕನ್ನು ಆ ಬದಿಗೆ ಸರಿಸಿದ. ಬಲಗಾಲಿಯ ನಟ್ಟು ಬಂಡೆಯಂತೆ ಬಿಗಿಯಾಗಿತ್ತು. ಶಾಫ್ಟು ತಿರುವಿದರೆ ಸದ್ದೇ ಇಲ್ಲ. ಆದರೆ ಅಲ್ಲಿಯೂ ಕುಂಕುಮದ ಗೆರೆ ತುಂಡಾಗಿತ್ತು. ಮೂರು ಕಚ್ಚು, ಅದೂ ಅಪ್ರದಕ್ಷಿಣವಾಗಿಯೇ. ನಟ್ಟಿನ ಮೈಮೇಲೆ ಹಲ್ಲು ಕಚ್ಚಿದಂಥ ಹೊಸ ಗಾಯಗಳು ಹೊಳೆಯುತ್ತಿದ್ದವು. ಎಡಗಡೆಯ ನಟ್ಟಿನ ಮೇಲೂ ಅಂಥವೇ ಗಾಯಗಳಿದ್ದವು.

ಎರಡನ್ನೂ ಒಂದೇ ಕಡೆಗೆ ತಿರುವಿದ್ದಾರೆ. ಒಂದು ಸಡಿಲ, ಇನ್ನೊಂದು ಬಿಗಿ. ಧರ್ಮರಾಜರು ತಮ್ಮ ವಯಸ್ಸನ್ನು ಮರೆತು ಎದ್ದು, ಧೋತರದ ಚುಂಗು ಹಿಡಿದುಕೊಂಡು ಠಾಣೆಯೊಳಗೆ ನಡೆದೇಬಿಟ್ಟರು. ಸಿದರಾಯ ಹಿಂದೆಯೇ ಬಂದ.

ಕಂಬಿಯ ಹಿಂದೆ ಲಗಮಣ್ಣ ಮೊಳಕಾಲಿಗೆ ಗದ್ದ ಊರಿ ಕೂತಿದ್ದ. ಕರಿ ಹಿಡಿದ ಉಗುರುಗಳ, ಗಿಡ್ಡ ಕೂದಲಿನ, ಮಾತು ಕಡಿಮೆಯ ಆಳು.

"ಲಗಮಣ್ಣ, ಹಿಂದಿನ ಬಲಗಾಲಿ ನಟ್ಟ ಬಿಗಿ ಮಾಡೂದು ಯಾ ಕಡೆ?"

ಅವನು ತಲೆ ಎತ್ತಲಿಲ್ಲ. ಗಾಳಿಯಲ್ಲಿ ಬೆರಳನ್ನು ಅಪ್ರದಕ್ಷಿಣವಾಗಿ ತಿರುವಿ ತೋರಿಸಿದ. "ಅದು ಉಲ್ಟಾ ಐತ್ರಿ. ಎಡಗಾಲಿದು ಮಾತ್ರ ಎಲ್ಲಾರದರಂಗ. ಹಳೀ ಕಾರಿಂದು ಹಂಗ ಬಂದೈತಿ. ಗಾಲಿ ತಿರುಗಿದಂಗ ನಟ್ಟ ಬಿಚ್ಚಬಾರದಂತ ಮಾಡಿದ್ರಂತ."

ಧರ್ಮರಾಜರು ಸಿದರಾಯನ ಕಡೆ ತಿರುಗಿದರು. ಕಣ್ಣುಗಳು ಮಿನುಗುತ್ತಿದ್ದವು. ಗಾಲಿ ಸಡಿಲಿಸಲು ಬಂದವನು ಎರಡನ್ನೂ ಅಪ್ರದಕ್ಷಿಣವಾಗಿ ತಿರುವಿದ್ದಾನೆ. ಎಡಗಾಲಿ ಅವನ ಮಾತು ಕೇಳಿತು, ಬಲಗಾಲಿ ಕೇಳಲಿಲ್ಲ. ಅದು ಇನ್ನೂ ಬಿಗಿಯಾಯಿತು. ಬಲಗಾಲಿಯ ಗುಟ್ಟು ಅವನಿಗೆ ಗೊತ್ತಿರಲಿಲ್ಲ. ಲಗಮಣ್ಣನಿಗೆ ಗೊತ್ತಿತ್ತು. ಹಾಗಿರುವಾಗ ಇದು ಲಗಮಣ್ಣನ ಕೈ ಆಗುವುದು ಹೇಗೆ?

ಸಿದರಾಯ ತಾನೂ ಗಾಳಿಯಲ್ಲಿ ಬೆರಳನ್ನು ಅತ್ತಿತ್ತ ತಿರುವಿ ನೋಡಿದ. ಹುಡುಗ ದಡ್ಡನಲ್ಲ. ಕೊನೆಗೆ, ಊಟ ಮುಗಿಸಿ ಮೇಲಿನವರಿಗೆ ಒಂದು ಮಾತು ಕೇಳಿ ಬಿಟ್ಟುಬಿಡುವೆನೆಂದ. ನಿಮ್ಮ ಮಾತಿನ ಮೇಲೆ ಬಿಡುತ್ತಿದ್ದೇನೆ, ನಾಳೆ ನನ್ನ ಟೊಪ್ಪಿಗೆ ಹೋದರೆ ನಿಮ್ಮ ರುಮಾಲು ಕೊಡಬೇಕಾಗುತ್ತದೆ ಎಂದು ಸೇರಿಸಿದ.

ಲಗಮಣ್ಣ ಮಾತ್ರ ಬಿಡುಗಡೆಯ ಮಾತು ಕೇಳಿ ಹಿಗ್ಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ. ಧರ್ಮರಾಜರು ಅದನ್ನು ಗಮನಿಸಿದರು. ಅವಮಾನವಿರಬೇಕು ಎಂದುಕೊಂಡರು.

ಇನ್ನು ಆ ಹಲ್ಲಿನ ಗುರುತು. ಧರ್ಮರಾಜರು ಸ್ಕೂಟರ್ ಏರಿ ನೇರವಾಗಿ ಗಲಗಲಿಯವರ ವಾಡೆಗೆ ಹೋದರು. ಮನೆಗೆಲಸದ ಸುಂದರವ್ವ ಬಾಗಿಲು ತೆರೆದಳು. ಅಂಗಳದ ಮೂಲೆಯಲ್ಲಿ ಲಗಮಣ್ಣನ ನಟ್ಟು ತಿರುವುವ ಪಾನಾ, ಸುತ್ತಿಗೆಗಳೆಲ್ಲ ದೇವಿಯ ಪಟದ ಮುಂದೆ ಕೆಂಪು ವಸ್ತ್ರದ ಮೇಲೆ ಕೂತಿದ್ದವು. ನವಮಿಯಂದು ಪೂಜೆಗೆ ಇಟ್ಟ ಆಯುಧವನ್ನು ದಶಮಿಯ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿಯೂ ಇರಲಿಲ್ಲ. ಆ ದೊಡ್ಡ ನಟ್ಟಿಗೆ ಹೊಂದುವ ಒಂದೇ ಒಂದು ಪಾನಾದ ಬಾಯಲ್ಲಿ ಸೇವಂತಿಗೆಯ ಹೂವು ಹಾಗೆಯೇ ಬಾಡಿತ್ತು. ಕಟ್ಟಿದ ದಾರ ಹರಿದಿರಲಿಲ್ಲ.

ಹಾಗಾದರೆ ಹಲ್ಲಿರುವ ಪಾನಾ ಹೊರಗಿನಿಂದ ಬಂದಿತ್ತು. ಕೊಳವೆ ಹಿಡಿಯುವ ಪೈಪ್ ಪಾನಾ. ಅದು ಗ್ಯಾರೇಜಿನವರ ಸಾಮಾನಲ್ಲ. ನದಿಗೆ ಪಂಪು ಹಚ್ಚಿದವರ ಮನೆಯಲ್ಲಿರುತ್ತದೆ.

ಸುಂದರವ್ವನ ಕಣ್ಣು ತನಗರಿವಿಲ್ಲದೆಯೇ ಪಕ್ಕದ ಗೋಡೆಯ ಕಡೆ ಹೋಯಿತು. ಗೋಡೆಯಾಚೆ ನಂದಕಿಶೋರನ ಅಣ್ಣ ಶ್ರೀಧರರಾಯರ ಮನೆ. ನದಿಯ ದಂಡೆಗೆ ಅವರ ಹೊಲ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಹೋಗಿತ್ತು. ಹೊಸ ಕಾರಿಗಾಗಿ ನಂದಕಿಶೋರ ಕಡಿದ ಆ ಹಳೆಯ ಕಾರು ಅವರ ತಂದೆಯದು. ತಂದೆ ತೀರಿದ ಮೇಲೂ ಅದನ್ನು ದಿನಾ ಒರೆಸಿಡುತ್ತಿದ್ದವರು ಶ್ರೀಧರರಾಯರು. ಕಾರನ್ನು ಕಡಿದ ದಿನವೇ ಅವರು ತಮ್ಮನ ಅಂಗಳಕ್ಕೆ ಕಾಲಿಡುವುದನ್ನು ಬಿಟ್ಟರು. ನವಮಿಯ ಮಧ್ಯಾಹ್ನ ಹೋಳಿಗೆ ಉಂಡು ಮನೆಯವರೆಲ್ಲ ಮಲಗಿದ್ದೆವು, ಯಾರು ಬಂದರೋ ಯಾರು ಹೋದರೋ ದೇವರೇ ಬಲ್ಲ ಎಂದಳು ಸುಂದರವ್ವ.

ಚಿಕ್ಕಪಡಸಲಗಿಯ ದಾರಿಯಲ್ಲಿ ಧರ್ಮರಾಜರು ಸ್ಕೂಟರನ್ನು ಹರೆಯದವರಂತೆ ಓಡಿಸಿದರು. ಎದುರು ಬಂದ ಕಬ್ಬಿನ ಗಾಡಿಯವನು ಅಜ್ಜನಿಗೆ ಹುಚ್ಚು ಹಿಡಿದಿದೆ ಎಂದು ಬೈದ. ಬೇಟೆ ಕಣ್ಣಿಗೆ ಬಿದ್ದ ನಾಯಿಯಂತಾಗಿತ್ತು ಅವರ ಜೀವ.

ಶ್ರೀಧರರಾಯರು ಪಂಪಿನ ಮನೆಯ ಮುಂದೆ ಕೃಷ್ಣೆಯ ಕಡೆ ಮುಖ ಮಾಡಿ ನಿಂತಿದ್ದರು. ಹಣೆಯ ಮೇಲೆ ಅಂಗಾರದ ಗೆರೆ, ಹೆಗಲ ಮೇಲೆ ಟವೆಲು. ಬಂದವರಿಗೆ ಕುಡಿಯಲು ನೀರು ಕೊಟ್ಟರು, ತಮ್ಮನ ಸುದ್ದಿ ಕೇಳಲಿಲ್ಲ. ಧರ್ಮರಾಜರು ಗೋಡೆಯ ಗೂಟದಿಂದ ಪೈಪ್ ಪಾನಾವನ್ನು ಇಳಿಸಿ ಬಿಸಿಲಿಗೆ ಹಿಡಿದರು.

"ಈ ಸಲ ಪಂಪಿನ ಪೂಜಾ ಮಾಡೀರೇನ್ರಿ ರಾಯರ?"

"ಇಲ್ರೀ. ಮನಸ್ಸಾಗ್ಲಿಲ್ಲ."

"ಮತ್ತ ಈ ಹಲ್ಲಿನ್ಯಾಗ ಕುಂಕುಮ ಎಲ್ಲಿಂದ ಬಂತ್ರಿ?"

ಪಂಪು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಶ್ರೀಧರರಾಯರು ಹೋಗಿ ಅದನ್ನು ನಿಲ್ಲಿಸಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತರು.

"ನಾನ ಹಚ್ಚೇನ್ರಿ ಪಾನಾ," ಎಂದರು. "ಸಡಲ ಮಾಡ್ಲಿಕ್ಕೆ ಅಲ್ಲ. ಬಿಗಿ ಮಾಡ್ಲಿಕ್ಕೆ."

ಧರ್ಮರಾಜರು ಕಾಯುತ್ತ ನಿಂತರು. ಕಳ್ಳರೆಲ್ಲ ಮೊದಲು ಒಂದು ಕತೆ ಹೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಪೂಜೆಯಾದ ಮೇಲೆ ನಂದಕಿಶೋರ ಕಾರನ್ನು ಹಣಮಪ್ಪನ ಗುಡಿಯವರೆಗೆ ಓಡಿಸಿ ತಂದಿದ್ದ. ಶ್ರೀಧರರಾಯರು ಕಿಟಕಿಯಲ್ಲಿ ನಿಂತಿದ್ದರು. ಕಾರು ಅಂಗಳಕ್ಕೆ ತಿರುಗುವಾಗ ಹಿಂದಿನ ಬಲಗಾಲಿಯಿಂದ 'ಕಟ್' ಎಂಬ ಸದ್ದು ಕೇಳಿತು. ತಂದೆಯ ಕಾರಿನ ಗಾಲಿಯ ಸದ್ದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಮ್ಮ ಮರುದಿನ ಬೆಳಿಗ್ಗೆ ದೂರ ಹೋಗುವವನಿದ್ದ. ಮಾತಾಡಿಸೋಣವೆಂದರೆ ನಾಲಿಗೆ ಏಳಲಿಲ್ಲ. ಲಗಮಣ್ಣನನ್ನು ಕರೆಯೋಣವೆಂದರೆ ಅವನ ಆಯುಧಗಳೆಲ್ಲ ಪೂಜೆಗೆ ಕೂತಿದ್ದವು. ಹೋಳಿಗೆಯ ನಿದ್ದೆಯಲ್ಲಿ ಮನೆ ಮುಳುಗಿದಾಗ, ತಮ್ಮದೇ ಪಾನಾ ಹಿಡಿದು, ಬಿಟ್ಟುಹೋದ ಅಂಗಳಕ್ಕೆ ಮೊದಲ ಸಲ ಕಾಲಿಟ್ಟರು. ಬಲಗಾಲಿಯನ್ನು ಬಿಗಿದರು. ಕಾಳಜಿಗೆಂದು ಎಡಗಾಲಿಯನ್ನೂ ಬಿಗಿದರು. ಅದು ಮೊದಲಿಗೆ ಬಹಳ ಹಟ ಮಾಡಿತು. ಪಾನಾಕ್ಕೆ ಕೊಳವೆ ತೂರಿಸಿ ಎಳೆಯಬೇಕಾಯಿತು.

"ಎರಡೂ ಒಂದ ಕಡೆ ತಿರುವಿದ್ರೇನ್ರಿ?"

"ಹೌದ್ರಿ. ಈ ಗಾಡೀವು ಉಲ್ಟಾ. ಲಗಮಣ್ಣ ಬಿಗಿಯೂದು ಕಿಟಕಿಯಿಂದ ದಿನಾ ನೋಡೇನಲ್ರಿ. ಅಷ್ಟಮಿ ದಿನಾನೂ ನೋಡೇನಿ."

"ನಿಮ್ಮ ಕಿಟಕಿಗೆ ಹಿಂದಿನ ಗಾಲಿ ಎಷ್ಟ ಕಾಣತಾವು?"

ಶ್ರೀಧರರಾಯರು ಬೆರಳು ಮಡಚಿ ಎಣಿಸತೊಡಗಿ, ಮೊದಲ ಬೆರಳಿಗೇ ನಿಂತರು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಕಾರಿನ ಬಲಮಗ್ಗುಲು ಮಾತ್ರ. ಒಂದು ಗಾಲಿಯನ್ನು ನೋಡಿ ಅವರು ಎರಡನ್ನೂ ಅಳೆದಿದ್ದರು. ಕೆಳಗಿಳಿದು ಹೋಗಿ ತಮ್ಮನ ಪಕ್ಕದಲ್ಲಿ ಒಂದು ದಿನ ಕೂತಿದ್ದರೆ ಎಡಗಡೆಯೂ ಕಾಣುತ್ತಿತ್ತು.

ಸತ್ಯ ಹೇಳುವುದು ಧರ್ಮರಾಜರಿಗೆ ಈ ಜನ್ಮದಲ್ಲಿ ಇಷ್ಟು ಭಾರವೆನಿಸಿರಲಿಲ್ಲ. ಆದರೂ ಹೇಳಿದರು: "ಎಡಗಾಲಿದು ಉಲ್ಟಾ ಇಲ್ರೀ ರಾಯರ."

ಶ್ರೀಧರರಾಯರು ಅಳಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ನಾನು ಅವನ್ನ ಉಳಸ್ಬೇಕಂತ ಹೋಗಿದ್ದೆ," ಎಂದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವವರಂತೆ, "ಆ ಬಲಗಾಲೀದು ಎಷ್ಟ ಹಗುರ ಬಂತ್ರಿ. ಮೂರು ಕಚ್ಚು, ಶಕ್ತೀನ ಹಾಕ್ಲಿಲ್ಲ. ಕಡೀಕ ಮಾತ್ರ ಕಚ್ಚಿ ಹಿಡೀತು."

ಧರ್ಮರಾಜರು ಪಾನಾವನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು.

ಮೂರು ಕಚ್ಚು. ಅರ್ಧ ಸುತ್ತು. ಬಿಗಿಯಾಗಿರುವ ನಟ್ಟು ಇನ್ನೂ ಅರ್ಧ ಸುತ್ತು ಬರುವುದುಂಟೇ? ಠಾಣೆಯ ಹಿತ್ತಲಲ್ಲಿ ಆ ಗೆರೆ ಅವರ ಕಣ್ಣ ಮುಂದೆಯೇ ಇತ್ತು. ಗೆದ್ದ ಹುರುಪಿನಲ್ಲಿ ಅವರು ಅದನ್ನು ಕೇಳಲೇ ಇಲ್ಲ.

ಅಷ್ಟಮಿಯಂದು ಲಗಮಣ್ಣ ಬಲಗಾಲಿಯನ್ನು ಬಿಗಿದದ್ದನ್ನು ರಾಯರು ಕಂಡಿದ್ದರು. ನವಮಿಯಂದು ಶುಭದಾ ಕುಂಕುಮ ಎಳೆಯುವ ಹೊತ್ತಿಗೆ ಅದು ಆಗಲೇ ಸಡಿಲಾಗಿತ್ತು. ಆ ನಡುವೆ ಇನ್ನೊಂದು ಕೈ ಬಂದು ಹೋಗಿತ್ತು. ಅದಕ್ಕೆ ಬಲಗಾಲಿಯ ಉಲ್ಟಾ ಗುಟ್ಟು ಗೊತ್ತಿತ್ತು. ಧರ್ಮರಾಜರಿಗೆ ತಿಳಿದಂತೆ, ರಾಯರನ್ನು ಬಿಟ್ಟರೆ ಅದು ಗೊತ್ತಿದ್ದವರು ಇಬ್ಬರೇ. ಒಬ್ಬ ಮಿರಜಿನಲ್ಲಿ ಮಲಗಿದ್ದ. ಇನ್ನೊಬ್ಬನನ್ನು ಬಿಡಿಸಲು ಇವರೇ ಮಾತು ಕೊಟ್ಟು ಬಂದಿದ್ದರು.

ಶ್ರೀಧರರಾಯರ ಕಿಸೆಯಲ್ಲಿ ಮೊಬೈಲು ಗುಣುಗಿತು. ಮಿರಜಿನಿಂದ ಶುಭದಾ. ರಾಯರು ಕಿವಿಗೆ ಹಿಡಿದು ಕೇಳಿದರು, ಮುಖ ಅರಳಿತು, ಅರಳಿದ್ದು ಹಾಗೆಯೇ ನಿಂತುಬಿಟ್ಟಿತು. ಮೊಬೈಲನ್ನು ಧರ್ಮರಾಜರ ಕೈಗಿತ್ತರು.

ನಂದಕಿಶೋರನಿಗೆ ಎಚ್ಚರವಾಗಿತ್ತು. ಕಣ್ಣು ಬಿಟ್ಟವನು ಹೆಂಡತಿಯನ್ನಲ್ಲ, ಲಗಮಣ್ಣನನ್ನು ಕೇಳಿದ. ಠಾಣೆಯಲ್ಲಿದ್ದಾನೆ, ಧರ್ಮರಾಜ ಕಾಕಾ ಬಿಡಿಸಲು ಹೋಗಿದ್ದಾರೆ ಎಂದು ಶುಭದಾ ಸಮಾಧಾನ ಹೇಳಿದಳು. ಆ ಮಾತಿಗೆ ಅವನು ಹಾಸಿಗೆಯಿಂದ ಏಳಲು ಹೋದನಂತೆ. ನವಮಿಯ ಬೆಳಿಗ್ಗೆ ಕಾರನ್ನು ಮುಧೋಳಕ್ಕೆ ಒಯ್ಯಬೇಕಾಗಿದ್ದವನು ಲಗಮಣ್ಣ. ಯಾಕೋ ಅಂಜಿ ಹೋಗಿರಲಿಲ್ಲ. ಗುಡಿಯಿಂದ ತಿರುಗಿ ಬರುವಾಗ ಬಲಗಾಲಿ ಮಾಡಿದ 'ಕಟ್' ಸದ್ದಿನ ಅರ್ಥ ನಂದಕಿಶೋರನಿಗೆ ಈಗ ಹೊಳೆದಿತ್ತು.

"ಕಾಕಾ, ಅವನ್ನ ಹೊರಗ ಬಿಡಸಬ್ಯಾಡ್ರಿ ಅಂತ ಇವರು ಅನ್ಲಿಕ್ಕೆ ಹತ್ಯಾರ್ರಿ," ಎಂದಳು ಶುಭದಾ. "ಬಲಗಾಲಿ ಸಡಲ ಮಾಡಿದ್ದು ನನ್ನ ಕೊಲ್ಲಲಿಕ್ಕೆ ಅಲ್ಲ, ಲಗಮಣ್ಣನ್ನ ಕೊಲ್ಲಲಿಕ್ಕೆ. ಅಂವ ಲಾಕಪ್‌ನ್ಯಾಗ ಇದ್ರಷ್ಟ ಉಳೀತಾನ, ಅಂತಾರ."

ಯಾರು ಮಾಡಿದರು ಎಂದು ಕೇಳುವಷ್ಟರಲ್ಲಿ ಡಾಕ್ಟರು ಬಂದರೆಂದು ಫೋನು ಕಡಿಯಿತು.

ಧರ್ಮರಾಜರು ತಮ್ಮ ಮೊಬೈಲು ತೆಗೆದು ಠಾಣೆಯ ನಂಬರು ಒತ್ತಿದರು. ಗುರುವೇ, ಸಿದರಾಯ ಇನ್ನೂ ಊಟ ಮುಗಿಸಿರದಂತೆ ಮಾಡು ಎಂದು ಬೇಡಿಕೊಂಡರು. ಆ ತುದಿಯಲ್ಲಿ ಸಿದರಾಯ ಉಂಡು ತೃಪ್ತನಾದ ದನಿಯಲ್ಲಿ ಮಾತಾಡಿದ.

"ನೀವ ಹೇಳಿದ ಮ್ಯಾಲೆ ಇಟಗೊಂಡು ಏನ ಮಾಡೂದ್ರಿ ಸಾಹೇಬ್ರ? ಆಗಲೇ ಬಿಟ್ಟೆ. ಲೋಕಾಪುರದಿಂದ ಅವನ ಹೇಣ್ತಿ ಅಣ್ಣ ಜೀಪ್ ತಂದಿದ್ದ. ಲಗಮಣ್ಣ ಒಂದ ಮಾತ ಆಡಲಿಲ್ಲ ನೋಡ್ರಿ, ತೆಲಿ ತಗ್ಗಿಸಿ ಹತ್ತಿ ಕುಂತ."

ಧರ್ಮರಾಜರು ಸ್ಕೂಟರಿನ ಕಡೆ ಓಡುತ್ತಲೇ ಹೇಳಿದರು:

"ಸಿದರಾಯ, ಲಗಮಣ್ಣಗ ಇನ್ನೂ ಲಗ್ನನ ಆಗಿಲ್ಲ."